ಬೂದಿಯಿಂದ ನೀರಿನೆಡೆಗೆ: ನಮ್ಮ ನೆಲದಲ್ಲಿ ತಪಸ್ಸು ಕಾಲದ ಅರ್ಥ ಮತ್ತು ಆಚರಣೆ

2025ನೆಯ ಇಸವಿಯ ಕ್ಯಾಲೆಂಡರನ್ನು ಮತ್ತೊಮ್ಮೆ ತೆರೆದು ನೋಡಿದರೆ ಒಂದು ವಿಶೇಷ ಕಣ್ಣಿಗೆ ಬೀಳುತ್ತದೆ. ಫೆಬ್ರವರಿ 26ರಂದು ಮಹಾಶಿವರಾತ್ರಿ. ಮಾರ್ಚ್ 2ರಂದು ರಂಜಾನ್ ತಿಂಗಳ ಮೊದಲ ಉಪವಾಸ. ಮಾರ್ಚ್ 3ರಂದು ಸಿರೋ-ಮಲಬಾರ್ ಸಭೆಯವರ ವಿಭೂತಿ ಸೋಮವಾರ. ಮಾರ್ಚ್ 5ರಂದು ಲ್ಯಾಟಿನ್ ವಿಧಿಯವರಾದ ನಮ್ಮ ವಿಭೂತಿ ಬುಧವಾರ. ಎಂಟು ದಿನಗಳ ಒಳಗೆ ಶಿವಮೊಗ್ಗ ಮತ್ತು ಭದ್ರಾವತಿಗಳಲ್ಲಿ ಒಂದೇ ಬೀದಿಯ ಮನೆಗಳು ಒಂದರ ಹಿಂದೊಂದರಂತೆ ಉಪವಾಸಕ್ಕೆ ತೊಡಗಿದವು. ಒಬ್ಬರು ರಾತ್ರಿಯಿಡೀ ಜಾಗರಣೆ ಮಾಡಿದರು, ಇನ್ನೊಬ್ಬರು ನಸುಕಿನಲ್ಲಿ ಉಂಡು ಸೂರ್ಯಾಸ್ತದವರೆಗೆ ನೀರನ್ನೂ ಮುಟ್ಟದಿದ್ದರು, ಮತ್ತೊಬ್ಬರು ಮೀನು, ಮೊಟ್ಟೆ, ಹಾಲುಗಳನ್ನೂ ಬಿಟ್ಟರು. ನಾವು ಹಣೆಗೆ ಬೂದಿ ಹಚ್ಚಿಸಿಕೊಂಡೆವು.

ಇಂತಹ ದಿನಗಳಲ್ಲಿ ನಮ್ಮ ವಿಶ್ವಾಸಿಗಳನ್ನು ನೆರೆಹೊರೆಯವರು ಕೇಳುವ ಪ್ರಶ್ನೆಗಳು ಸರಳವಾದವು. "ನೀವೂ ವಿಭೂತಿ ಇಟ್ಟುಕೊಳ್ಳುತ್ತೀರಾ?" "ನಿಮ್ಮದು ಎಷ್ಟು ದಿನದ ವ್ರತ?" "ಏನೇನು ಬಿಡಬೇಕು?" ಇವಕ್ಕೆ ನಮ್ಮವರಿಂದ ಸಾಮಾನ್ಯವಾಗಿ ಬರುವ ಉತ್ತರ: "ನಲವತ್ತು ದಿನ, ಮಾಂಸ ತಿನ್ನುವುದಿಲ್ಲ." ಈ ಉತ್ತರ ಸುಳ್ಳಲ್ಲ. ಆದರೆ ಇದರಲ್ಲಿ ಕ್ರಿಸ್ತರಿಲ್ಲ, ಪಾಸ್ಖವಿಲ್ಲ, ದೀಕ್ಷಾಸ್ನಾನವಿಲ್ಲ, ಹಸಿದ ನೆರೆಯವನೂ ಇಲ್ಲ. ಯಾವ ಧರ್ಮದ ಯಾವ ವ್ರತಕ್ಕಾದರೂ ಹೊಂದಬಹುದಾದ ಉತ್ತರವಿದು. ಮುಂದೆ ಪ್ರಬೋಧನ ಪೀಠದಲ್ಲಿ ನಿಲ್ಲಬೇಕಾದ ಗುರುಅಭ್ಯರ್ಥಿಗಳು ಮತ್ತು ಈಗಾಗಲೇ ಧರ್ಮಕೇಂದ್ರಗಳ ಹೊಣೆ ಹೊತ್ತಿರುವ ಗುರುಗಳು ಇದರ ಬಗ್ಗೆ ಯೋಚಿಸಲೇಬೇಕು. ನಾವು ಬಳಸುವ ಪದಗಳೇ ವಿಶ್ವಾಸಿಗಳ ಬಾಯಲ್ಲಿ ಉತ್ತರವಾಗುತ್ತವೆ, ಮತ್ತು ಈ ವಿಷಯದಲ್ಲಿ ನಮ್ಮ ಪದಗಳಿಗೆ ನಮಗಿಂತ ಹೆಚ್ಚು ವಯಸ್ಸಾಗಿದೆ.

ಹೆಸರಿನೊಳಗಿನ ಕಾವು

ಲ್ಯಾಟಿನಿನಲ್ಲಿ ಈ ಕಾಲದ ಹೆಸರು 'ಕ್ವಾದ್ರಾಜೆಸಿಮ', ಎಂದರೆ ನಲವತ್ತನೆಯದು. ಅದು ಪೋರ್ಚುಗೀಸಿನ ಮೂಲಕ ಹಾದು ಬಂದು ಮಲೆನಾಡಿನ ಕೊಂಕಣಿ ಮನೆಗಳಲ್ಲಿ 'ಕರೆಜ್ಮ್' ಆಗಿದೆ. ಇಂಗ್ಲಿಷಿನ 'ಲೆಂಟ್' ಎಂಬುದಕ್ಕೆ ಮೂಲದಲ್ಲಿ ವಸಂತವೆಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಮಲಯಾಳಿಗಳು 'ನೋಂಬು' ಎನ್ನುತ್ತಾರೆ. ನಮ್ಮ ಹಳಗನ್ನಡದ ಜೈನ ಪರಂಪರೆಯಲ್ಲಿ ಬರುವ 'ನೋಂಪಿ' ಇದರ ಒಡಹುಟ್ಟಿದ ಪದ. ತಮಿಳರದು 'ತವಕ್ಕಾಲಂ', ನಮ್ಮದು 'ತಪಸ್ಸು ಕಾಲ'. ಲೆಕ್ಕವನ್ನೋ ಋತುವನ್ನೋ ಸೂಚಿಸುವ ಹೆಸರುಗಳು ನಿರಪಾಯಕಾರಿಯಾದವು, ಅವು ಏನನ್ನೂ ವಾದಿಸುವುದಿಲ್ಲ. 'ತಪಸ್ಸು' ಹಾಗಲ್ಲ. ಅದು ಕೇಳಿದೊಡನೆ ಚಿತ್ರವೊಂದನ್ನು ಕಣ್ಮುಂದೆ ನಿಲ್ಲಿಸುವ ಪದ.

'ತಪ್' ಎಂದರೆ ಸುಡು, ಕಾಯಿಸು. ಪುರಾಣಗಳಲ್ಲಿ ತಪಸ್ಸು ಒಂದು ಶಕ್ತಿ. ರಾವಣನೂ ಹಿರಣ್ಯಕಶಿಪುವೂ ತಪಸ್ಸಿನಿಂದಲೇ ವರ ಪಡೆದರು. ಯಾರ ತಪಸ್ಸು ಬಲಿತರೂ ಇಂದ್ರನ ಆಸನ ಅಲುಗುತ್ತಿತ್ತು. ಇಲ್ಲಿ ತಪಸ್ಸು ದೇವರನ್ನೂ ಸಾಲಗಾರನನ್ನಾಗಿ ಮಾಡಬಲ್ಲ ಒಂದು ಗಳಿಕೆ. ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾವು ನೆರೆಯವರ ಪರಂಪರೆಗೆ ಅನ್ಯಾಯ ಮಾಡಿದಂತೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ದೇಹದ ತಪಸ್ಸಿನ ಜೊತೆಗೆ ಮಾತಿನ ಮತ್ತು ಮನಸ್ಸಿನ ತಪಸ್ಸನ್ನು ಎತ್ತಿ ಹಿಡಿಯುತ್ತದೆ, ತನ್ನನ್ನೇ ಹಿಂಸಿಸಿಕೊಳ್ಳುವ ತಪಸ್ಸನ್ನು ತಾಮಸವೆಂದು ತಳ್ಳಿಹಾಕುತ್ತದೆ. ಇನ್ನು ನಮ್ಮ ಜಿಲ್ಲೆಯ ಬಳ್ಳಿಗಾವಿಯವರೆಂದು ಪ್ರಸಿದ್ಧರಾದ ಅಲ್ಲಮಪ್ರಭುಗಳು ಗೋರಕ್ಷನನ್ನು ಎದುರಿಸಿದ ಪ್ರಸಂಗವನ್ನು ಶೂನ್ಯಸಂಪಾದನೆ ಹೇಳುತ್ತದೆ. ಗೋರಕ್ಷ ಯೋಗಸಾಧನೆಯಿಂದ ತನ್ನ ದೇಹವನ್ನು ವಜ್ರದಂತೆ ಮಾಡಿಕೊಂಡಿದ್ದ. ಖಡ್ಗ ತಾಗಿದರೆ ಖಣಿಲೆನ್ನುತ್ತಿತ್ತು. ಅದೇ ಖಡ್ಗ ಅಲ್ಲಮರ ದೇಹದಲ್ಲಿ ಬಯಲಿನಲ್ಲಿ ಬೀಸಿದಂತೆ ಹಾದು ಹೋಯಿತು. ಸಿದ್ಧಿಯೆಂಬುದು ಗಟ್ಟಿಯಾದಷ್ಟೂ ಅಹಂಕಾರವೂ ಗಟ್ಟಿಯಾಗುತ್ತದೆ ಎಂಬ ಎಚ್ಚರ ಈ ಮಣ್ಣಿಗೆ ಹೊಸದಲ್ಲ. ತಪಸ್ಸು ಕಾಲದ ಪ್ರಬೋಧನೆಯಲ್ಲಿ ನಾವು ಈ ಎಚ್ಚರವನ್ನು ಕೃತಜ್ಞತೆಯಿಂದ ನೆನೆಯಬಹುದು.

ಹೀಗಿದ್ದೂ, ಗಳಿಕೆಯ ಚಿತ್ರವೇ ಜನಮನದಲ್ಲಿ ಹೆಚ್ಚು ಬೇರೂರಿದೆ. "ಈ ತಪಸ್ಸು ಕಾಲದಲ್ಲಿ ಇಷ್ಟು ಬಿಟ್ಟಿದ್ದೇನೆ, ಮಗಳ ಮದುವೆ ಕೂಡಿಬರಲಿ" ಎಂಬ ಹರಕೆಯ ಧಾಟಿ ಪಾಪನಿವೇದನೆಯ ಪೀಠದಲ್ಲಿ ಕುಳಿತ ಯಾವ ಗುರುವಿಗೂ ಅಪರಿಚಿತವಲ್ಲ. ಬೇಡಿಕೊಳ್ಳುವುದು ತಪ್ಪಲ್ಲ. ಬೇಡಿಕೆಗೆ ಉಪವಾಸವನ್ನು ಬೆಲೆಯಾಗಿ ಕಟ್ಟುವಲ್ಲಿ ತೊಡಕಿದೆ.

ಶುಭಸಂದೇಶಗಳು ಘಟನೆಗಳನ್ನು ಜೋಡಿಸಿರುವ ಕ್ರಮವನ್ನು ಇಲ್ಲಿ ಗಮನಿಸಬೇಕು. ಯೇಸು ನಲವತ್ತು ದಿನ ಉಪವಾಸ ಮಾಡಿ, ಅದರ ಫಲವಾಗಿ ದೇವಪುತ್ರರೆನಿಸಿಕೊಳ್ಳಲಿಲ್ಲ. ಮೊದಲು ಜೋರ್ಡಾನ್ ನದಿ, ತೆರೆದ ಆಕಾಶ, 'ನನ್ನ ಪ್ರಿಯ ಪುತ್ರ' ಎಂಬ ತಂದೆಯ ಸಾಕ್ಷ್ಯ. ಅನಂತರ ಬೆಂಗಾಡು. ಅಲ್ಲಿಗೆ ಅವರನ್ನು ಕರೆದೊಯ್ದದ್ದೂ ಅವರ ಸ್ವಂತ ಛಲವಲ್ಲ, ಪವಿತ್ರಾತ್ಮರು. ಶೋಧಕನು ಬಂದು ಕೇಳುವುದಾದರೂ ಏನು? ಕಲ್ಲನ್ನು ರೊಟ್ಟಿ ಮಾಡು, ದೇಗುಲದ ಶಿಖರದಿಂದ ಧುಮುಕು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ತಪಸ್ಸಿನ ಸಿದ್ಧಿಗಳನ್ನು ತೋರಿಸು ಎನ್ನುತ್ತಾನೆ. ಯೇಸು ಒಂದನ್ನೂ ತೋರಿಸುವುದಿಲ್ಲ. ಪುತ್ರತ್ವವು ದಾನವಾಗಿ ಬಂದಿರುವಾಗ ಅದನ್ನು ಸಾಧನೆಯಿಂದ ರುಜುವಾತು ಮಾಡಬೇಕಾದ ಅಗತ್ಯ ಅವರಿಗಿಲ್ಲ. ತಪಸ್ಸು ಕಾಲದ ಮೊದಲ ಭಾನುವಾರ ಪ್ರತಿವರ್ಷವೂ ಈ ಘಟನೆಯನ್ನೇ ವಾಚಿಸುವುದಕ್ಕೆ ಕಾರಣವಿದೆ. ದೀಕ್ಷಾಸ್ನಾನದಲ್ಲಿ ಮಕ್ಕಳೆನಿಸಿಕೊಂಡವರು ಆ ಮಕ್ಕಳತನದಲ್ಲಿ ಬದುಕುವುದನ್ನು ಮತ್ತೆ ಕಲಿಯುವ ಕಾಲವಿದು. ಆದುದರಿಂದ ತಪಸ್ಸಿನ ಕಾವು ನಮ್ಮಲ್ಲಿ ಹುಟ್ಟಿ ದೇವರನ್ನು ತಟ್ಟುವಂಥದ್ದಲ್ಲ. ದೇವರ ಪ್ರೀತಿಯಲ್ಲಿ ಹುಟ್ಟಿ ನಮ್ಮನ್ನು ಕರಗಿಸುವಂಥದ್ದು. ಗ್ರೀಕಿನ 'ಮೆಟನೊಯ' ಮನಸ್ಸು ತಿರುಗುವುದನ್ನೂ ಹೀಬ್ರೂವಿನ 'ಶೂಬ್' ಮರಳಿ ಬರುವುದನ್ನೂ ಹೇಳುತ್ತವೆ. ಮರಳಿ ಬರಬೇಕಾದರೆ ಬರಲೊಂದು ಮನೆ ಮೊದಲೇ ಇರಬೇಕಷ್ಟೆ.

ಹಾಗಾದರೆ 'ತಪಸ್ಸು' ಎಂಬ ಪದವನ್ನೇ ಕೈಬಿಡಬೇಕೇ? ಬೇಕಿಲ್ಲವೆಂಬುದು ನಮ್ಮ ಅಭಿಪ್ರಾಯ. 1649ರ ಆಸುಪಾಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಬುನಾದಿ ಹಾಕಿದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಸಂನ್ಯಾಸಿಯ ವೇಷವನ್ನೂ ಕನ್ನಡವನ್ನೂ ತಮ್ಮದಾಗಿಸಿಕೊಂಡರು. ಅಂದಿನಿಂದ ಈ ನಾಡಿನ ಕ್ರೈಸ್ತರು ತಮ್ಮ ವಿಶ್ವಾಸವನ್ನು ಈ ನಾಡಿನ ಪದಗಳಲ್ಲೇ ನುಡಿದಿದ್ದಾರೆ. ಪದವನ್ನು ಬಿಡುವ ಬದಲು ಅದೇ ಪರಂಪರೆಯಲ್ಲಿ ಬೇರೊಬ್ಬ ತಪಸ್ವಿಯನ್ನು ಹುಡುಕುವುದು ಲೇಸು. ಕನ್ನಡಿಗರೆಲ್ಲರೂ ಬಲ್ಲ ಭಗೀರಥನನ್ನು ತೆಗೆದುಕೊಳ್ಳಿ. ಅವನು ತಪಸ್ಸು ಮಾಡಿದ್ದು ತನಗಾಗಿ ಅಲ್ಲ, ಬೂದಿಯಾಗಿ ಬಿದ್ದಿದ್ದ ತನ್ನ ಪೂರ್ವಜರಿಗಾಗಿ. ಅವನಿಗೆ ಬೇಕಾದದ್ದು ರಾಜ್ಯವೂ ಅಲ್ಲ, ಸಾವಿಲ್ಲದ ದೇಹವೂ ಅಲ್ಲ. ಆ ಬೂದಿಯ ಮೇಲೆ ಹರಿಯಬೇಕಾದ ನೀರು. ಬೂದಿ, ನೀರು, ಇತರರ ಬಿಡುಗಡೆ: ತಪಸ್ಸು ಕಾಲದ ರೂಪರೇಖೆಯೂ ಇಂಥದ್ದೇ. ನಾವು ಬೂದಿಯಿಂದ ಆರಂಭಿಸಿ ಪಾಸ್ಖ ಜಾಗರಣೆಯ ರಾತ್ರಿ ದೀಕ್ಷಾಸ್ನಾನದ ನೀರಿನ ಬಳಿಗೆ ಬಂದು ಸೇರುತ್ತೇವೆ. ವ್ಯತ್ಯಾಸವೂ ದೊಡ್ಡದು. ನೀರನ್ನು ಇಳಿಸಿ ತಂದವರು ನಾವಲ್ಲ. ಅದು ಶಿಲುಬೆಯ ಮೇಲೆ ಇರಿಯಲ್ಪಟ್ಟ ಪಕ್ಕೆಯಿಂದ ಆಗಲೇ ಹರಿದಿದೆ. ಕಥೆಯನ್ನು ಕ್ರೈಸ್ತಕಥೆಯನ್ನಾಗಿ ಮಾಡುವ ಹಟ ಬೇಡ. ಕೇಳುಗನ ಕಿವಿ ತೆರೆಯುವಷ್ಟಕ್ಕೆ ಅದು ಸಾಕು.

ನಲವತ್ತು ದಿನಗಳು ಕೂಡಿಬಂದ ಬಗೆ

ಚರಿತ್ರೆಯೂ ಇದನ್ನೇ ಹೇಳುತ್ತದೆ. ಎರಡನೆಯ ಶತಮಾನದ ಕೊನೆಯಲ್ಲಿ ಸಂತ ಇರೆನೇಯಸರು ಬರೆದ ಪತ್ರದ ಪ್ರಕಾರ ಪಾಸ್ಖದ ಮುನ್ನ ಕೆಲವರು ಒಂದು ದಿನ, ಕೆಲವರು ಎರಡು ದಿನ, ಮತ್ತೆ ಕೆಲವರು ನಲವತ್ತು ತಾಸು ಉಪವಾಸವಿರುತ್ತಿದ್ದರು. ಕ್ರಿ.ಶ. 325ರ ನಿಸೇಯ ಮಹಾಸಭೆಯ ಐದನೆಯ ನಿಯಮದಲ್ಲಿ ನಲವತ್ತರ ಕಾಲವು ಎಲ್ಲರಿಗೂ ತಿಳಿದ ಸಂಗತಿಯೆಂಬಂತೆ ಪ್ರಸ್ತಾಪವಾಗಿದೆ. ಈ ಬೆಳವಣಿಗೆಗೆ ಬಲ ನೀಡಿದ ಮುಖ್ಯ ಸಂಗತಿಗಳಲ್ಲಿ ಒಂದು ದೀಕ್ಷಾರ್ಥಿಗಳ ಸಿದ್ಧತೆ. ಪಾಸ್ಖದ ರಾತ್ರಿ ನೀರಿಗಿಳಿಯಬೇಕಾದವರು ಉಪವಾಸವಿರುತ್ತಿದ್ದರು; ಅವರನ್ನು ಒಂಟಿಯಾಗಿ ಬಿಡಬಾರದೆಂದು ಸಭೆಯೂ ಅವರೊಡನೆ ಉಪವಾಸವಿದ್ದಿತು. ಈ ಒಂದು ವಾಕ್ಯವನ್ನು ಗುರುಅಭ್ಯರ್ಥಿಗಳು ನೆನಪಿನಲ್ಲಿಟ್ಟುಕೊಂಡರೆ ಉಳಿದದ್ದನ್ನು ತಾವೇ ಬೆಳೆಸಿಕೊಳ್ಳಬಹುದು. ಜೊತೆಗೆ, ಘೋರ ಪಾಪಗಳಿಗಾಗಿ ಬಹಿರಂಗ ಪ್ರಾಯಶ್ಚಿತ್ತಕ್ಕೆ ಒಳಗಾದವರು ಪವಿತ್ರ ಗುರುವಾರದಂದು ಮತ್ತೆ ಸಭೆಗೆ ಸೇರಲು ಇದೇ ಕಾಲದಲ್ಲಿ ಸಿದ್ಧರಾಗುತ್ತಿದ್ದರು.

ದಿನಗಳ ಎಣಿಕೆ ಮಾತ್ರ ಎಲ್ಲೆಡೆ ಒಂದೇ ಆಗಿರಲಿಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರುಸಲೇಮಿಗೆ ಯಾತ್ರೆ ಬಂದ ಎಜೇರಿಯ ಎಂಬ ಮಹಿಳೆ ಅಲ್ಲಿ ಎಂಟು ವಾರಗಳ ಆಚರಣೆಯನ್ನು ಕಂಡು ದಾಖಲಿಸಿದಳು. ರೋಮಿನಲ್ಲಿ ಆರು ವಾರ. ಭಾನುವಾರ ಉಪವಾಸವಿಲ್ಲವಾದ್ದರಿಂದ ಉಳಿಯುತ್ತಿದ್ದದ್ದು 36 ದಿನ. ಇದನ್ನು ವರ್ಷದ ದಶಮಾಂಶವೆಂದು ಮಹಾ ಗ್ರೆಗೊರಿಯವರು ವ್ಯಾಖ್ಯಾನಿಸಿದರು. ಆಮೇಲೆ ಕೊರತೆಯ ನಾಲ್ಕು ದಿನಗಳನ್ನು ಮುಂಚಿತವಾಗಿ ಸೇರಿಸಿದ್ದರಿಂದ ಆರಂಭದ ದಿನ ಬುಧವಾರಕ್ಕೆ ಬಂದಿತು. ಪೌರ್ವಾತ್ಯ ಪರಂಪರೆಗಳ ಎಣಿಕೆ ಬೇರೆ. 2007ರಲ್ಲಿ ಸ್ಥಾಪಿತವಾದ ಸಿರೋ-ಮಲಬಾರ್ ಸಭೆಯ ಭದ್ರಾವತಿ ಧರ್ಮಕ್ಷೇತ್ರದ ವಿಶ್ವಾಸಿಗಳು ನಮ್ಮ ನಡುವೆಯೇ ಇದ್ದಾರೆ. ಅವರು 'ಪೇತುರ್ತ' ಭಾನುವಾರದ ಮರುದಿನ, ನಮಗಿಂತ ಎರಡು ದಿನ ಮೊದಲೇ, ಬೂದಿಯೊಂದಿಗೆ ತಮ್ಮ ದೊಡ್ಡ ನೋಂಬನ್ನು ಆರಂಭಿಸುತ್ತಾರೆ. "ಅವರದು ಸರಿಯೋ, ನಮ್ಮದು ಸರಿಯೋ?" ಎಂದು ಕೇಳುವ ವಿಶ್ವಾಸಿಗೆ, ಎರಡು ದಾರಿಗಳೂ ಒಂದೇ ರಾತ್ರಿಗೆ ಬಂದು ಸೇರುತ್ತವೆ ಎಂದು ತಿಳಿಸಿದರೆ ಸಾಕು. ಕೂಡಲಿಯಲ್ಲಿ ತುಂಗೆ ಭದ್ರೆಯರನ್ನು ಕಂಡವರಿಗೆ ಇದು ಕಷ್ಟದ ಮಾತಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆ ಪವಿತ್ರ ದೈವಾರಾಧನೆಯ ಸಂವಿಧಾನದ 109ನೆಯ ಪರಿಚ್ಛೇದದಲ್ಲಿ ತಪಸ್ಸು ಕಾಲಕ್ಕೆ ಎರಡು ಮುಖಗಳಿವೆಯೆಂದು ಗುರುತಿಸಿ, ದೀಕ್ಷಾಸ್ನಾನವನ್ನೂ ಪ್ರಾಯಶ್ಚಿತ್ತವನ್ನೂ ಒಟ್ಟಿಗೆ ಮುಂದಕ್ಕೆ ತರಬೇಕೆಂದು ಸೂಚಿಸಿತು. ಮುಂದಿನ ಪರಿಚ್ಛೇದದಲ್ಲಿ ಪ್ರಾಯಶ್ಚಿತ್ತವು ಆಂತರಿಕವೂ ವೈಯಕ್ತಿಕವೂ ಆಗಿ ಉಳಿಯದೆ ಬಾಹ್ಯವೂ ಸಾಮಾಜಿಕವೂ ಆಗಬೇಕೆಂದಿತು. ಆರು ದಶಕಗಳು ಕಳೆದಿವೆ. ನಮ್ಮ ಧರ್ಮಕೇಂದ್ರಗಳಲ್ಲಿ ಪ್ರಾಯಶ್ಚಿತ್ತದ ಮುಖ ಚೆನ್ನಾಗಿಯೇ ಕಾಣುತ್ತದೆ. ಶುಕ್ರವಾರಗಳ ಶಿಲುಬೆ ಹಾದಿಗೆ ಜನ ಸೇರುತ್ತಾರೆ, ಕಣ್ಣೀರೂ ಹಾಕುತ್ತಾರೆ. ದೀಕ್ಷಾಸ್ನಾನದ ಮುಖವಾದರೋ ಪಾಸ್ಖದ ರಾತ್ರಿ ಮೇಣದ ಬತ್ತಿ ಹಿಡಿದು ಪ್ರತಿಜ್ಞೆಗಳಿಗೆ ಉತ್ತರಿಸುವ ಐದು ನಿಮಿಷಗಳಿಗೆ ಕುಗ್ಗಿದೆ.

ಬೂದಿಯೋ ವಿಭೂತಿಯೋ

ಈ ನೆಲದಲ್ಲಿ ಹಣೆಯ ಮೇಲೆ ಬೂದಿ ಎಂಬುದು ಮೌನವಾದ ಗುರುತಲ್ಲ. ವೀರಶೈವ ಲಿಂಗಾಯತ ಪರಂಪರೆಯ ಅಷ್ಟಾವರಣಗಳಲ್ಲಿ ವಿಭೂತಿಯೂ ಒಂದು. ಅಲ್ಲಮರ ಬಳ್ಳಿಗಾವಿಯಂತೆ ಅಕ್ಕಮಹಾದೇವಿಯ ಉಡುತಡಿಯೂ ಶಿಕಾರಿಪುರ ತಾಲ್ಲೂಕಿನದೇ. ಇಲ್ಲಿಯ ಮನೆಗಳಲ್ಲಿ ಸ್ನಾನವಾದೊಡನೆ ಹಣೆಯ ಮೇಲೆ ಮೂರೆಳೆ ವಿಭೂತಿ ಮೂಡುವುದು ದಿನನಿತ್ಯದ ಕ್ರಮ. ಅಲ್ಲಿ ಅದು ರಕ್ಷೆ, ಶಿವನ ಐಶ್ವರ್ಯದ ಚಿಹ್ನೆ, ಮಲಗಳು ಸುಟ್ಟುಹೋದ ಮೇಲೆ ಉಳಿಯುವ ಶುದ್ಧಿಯ ಸಂಕೇತ. 'ವಿಭೂತಿ' ಎಂಬ ಪದದ ಅರ್ಥವೇ ಮಹಿಮೆ.

ನಮ್ಮ ಬೂದಿಯ ಮೂಲ ಬೇರೆ. ಅದು ಯೋಬನ ಬೂದಿ, ನಿನೆವೆಯ ಅರಸ ಸಿಂಹಾಸನದಿಂದ ಇಳಿದು ಕುಳಿತ ಬೂದಿ. ಸಭೆಯಲ್ಲಿ ಮೊದಲು ಬಹಿರಂಗ ಪ್ರಾಯಶ್ಚಿತ್ತದವರ ತಲೆಗೆ ಮಾತ್ರ ಬೀಳುತ್ತಿತ್ತು. ಆ ಪದ್ಧತಿ ಕ್ರಮೇಣ ಮರೆಯಾದಾಗ ಎಲ್ಲರೂ ಅದನ್ನು ಸ್ವೀಕರಿಸತೊಡಗಿದರು. 1091ರ ಬೆನೆವೆಂತೊ ಸಭಾಕೂಟ ಇದನ್ನು ಗುರುಗಳಿಗೂ ವಿಶ್ವಾಸಿಗಳಿಗೂ ವಿಧಿಸಿತು. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಜಯಘೋಷ ಮಾಡುತ್ತ ಹಿಡಿದಿದ್ದ ಗರಿಗಳನ್ನೇ ಸುಟ್ಟು ಈ ಬೂದಿ ಮಾಡುವುದು. ಅದರಲ್ಲಿ ನಮ್ಮ ಮಹಿಮೆಯೇನಾದರೂ ಇದ್ದರೆ ಅದು ಸುಟ್ಟುಹೋದ ಮಹಿಮೆ. ಹಣೆಯಲ್ಲಿ ಹಚ್ಚುವಾಗ ಗುರು ಹೇಳುವ ಎರಡು ಸೂತ್ರಗಳಲ್ಲಿ ಒಂದು ನಾವು ಮಣ್ಣೆಂಬುದನ್ನು ನೆನಪಿಸುತ್ತದೆ, ಇನ್ನೊಂದು ಮನಸ್ಸು ತಿರುಗಿಸಿ ಶುಭಸಂದೇಶವನ್ನು ನಂಬುವಂತೆ ಕರೆಯುತ್ತದೆ.

ಹೆಸರಿನ ಬಗ್ಗೆ ನಮ್ಮಲ್ಲಿ ಚರ್ಚೆಯುಂಟು. 'ವಿಭೂತಿ ಬುಧವಾರ' ಎಂದರೆ ಗೌರವದ ಧ್ವನಿ, 'ಬೂದಿ ಬುಧವಾರ' ಎಂದರೆ ಒರಟು ಎನ್ನುವವರಿದ್ದಾರೆ. ಆ ಒರಟುತನವೇ ನಮಗೆ ಬೇಕಾದದ್ದೆಂದು ನಾವು ಹೇಳುತ್ತೇವೆ. ಬೂದಿ ಒಲೆಯದು, ಪಾತ್ರೆ ತಿಕ್ಕುವುದು, ಬದನೆ ಗಿಡದ ಬುಡಕ್ಕೆ ಹಾಕುವುದು. ಹಳ್ಳಿಯಲ್ಲಿ ಬೆಳೆದ ಯಾವ ಅಜ್ಜಿಯೂ ಬೂದಿಯಿಂದ ಪಾತ್ರೆ ಬೆಳಗುವುದನ್ನು ಬಲ್ಲಳು; ತಿಕ್ಕಿದ ಮೇಲೆ ನೀರು ಸುರಿದು ತೊಳೆಯದಿದ್ದರೆ ಕೆಲಸ ಮುಗಿಯದೆಂಬುದನ್ನೂ ಬಲ್ಲಳು. ಬೂದಿಗೂ ನೀರಿಗೂ ಇರುವ ನಂಟನ್ನು ವಿವರಿಸಲು ಇದಕ್ಕಿಂತ ಹತ್ತಿರದ ಉಪಮೆ ಸಿಗಲಾರದು. ಕ್ಯಾಲೆಂಡರಿನಲ್ಲಿ 'ವಿಭೂತಿ' ಇರಲಿ, ಮಲಯಾಳಿ ಸಹೋದರರೂ ಅದನ್ನೇ ಬಳಸುತ್ತಾರೆ. ಪ್ರಬೋಧನೆಯಲ್ಲಿ 'ಬೂದಿ' ಎಂದೇ ಹೇಳೋಣ. ಹೀಗೆ ಹೇಳುವುದರಿಂದ ನೆರೆಯವರು ಪವಿತ್ರವೆಂದು ಧರಿಸುವ ಚಿಹ್ನೆಯನ್ನು ನಾವು ಎರವಲು ಪಡೆದು ಅರ್ಥ ಬದಲಿಸಿದ್ದೇವೆ ಎಂಬ ಭಾವನೆಗೂ ಎಡೆಯಿರುವುದಿಲ್ಲ.

ಒಂದು ವಿರೋಧಾಭಾಸವನ್ನೂ ಮುಚ್ಚಿಡಬಾರದು. ಹಣೆಗೆ ಬೂದಿ ಬೀಳುವ ಅದೇ ಬಲಿಪೂಜೆಯಲ್ಲಿ, ಉಪವಾಸ ಮಾಡುವಾಗ ಮುಖ ತೊಳೆದುಕೊಂಡು ತಂದೆಗೆ ಮಾತ್ರ ಕಾಣುವಂತಿರಿ ಎಂಬ ಮತ್ತಾಯನ ಶುಭಸಂದೇಶ ವಾಚನವಾಗುತ್ತದೆ. 2021ರಲ್ಲಿ ಮಹಾಮಾರಿಯ ಕಾರಣ ರೋಮಿನ ದೈವಾರಾಧನಾ ಪೀಠ ಮುಟ್ಟದೆ ತಲೆಯ ಮೇಲೆ ಬೂದಿ ಉದುರಿಸಲು ಸೂಚಿಸಿದಾಗ, ಹಣೆಯಲ್ಲಿ ಗುರುತಿಲ್ಲದೆ ಏನೋ ಕಳೆದುಕೊಂಡಂತೆ ಭಾವಿಸಿದವರುಂಟು. ಗುರುತಿನ ಮೋಹ ನಮ್ಮಲ್ಲೂ ಕಡಿಮೆಯಿಲ್ಲ. ಯಾರು ಯಾವ ಧರ್ಮದವರೆಂದು ಹಣೆ, ಟೋಪಿ, ಶಾಲುಗಳಿಂದಲೇ ಅಳೆಯುವ ಕಾಲದಲ್ಲಿ ನಮ್ಮ ನಗರವೂ ಬದುಕುತ್ತಿದೆ. ಅಲ್ಲಿಗೆ ನಾವೂ ಒಂದು ಬಾವುಟವನ್ನು ಸೇರಿಸುವಂತಾಗಬಾರದು. ಹಣೆಯ ಬೂದಿ ಸಂಜೆಯೊಳಗೆ ಉದುರಿಹೋಗುತ್ತದೆ, ಉದುರಿಹೋಗಲಿ.

ಮಾಂಸವನ್ನು ಬಿಡುವುದೆಂದರೆ

ಇನ್ನು ಊಟದ ವಿಷಯ. ಧರ್ಮಸಭೆಯ ಕಾನೂನು ಸ್ಪಷ್ಟವಾಗಿದೆ, ಹೆಚ್ಚು ಭಾರದ್ದೂ ಅಲ್ಲ. 1983ರ ಕಾನೂನು ಸಂಹಿತೆಯ 1251 ಮತ್ತು 1252ನೆಯ ನಿಯಮಗಳಂತೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ ಮತ್ತು ಮಾಂಸವರ್ಜನೆ. 14 ವರ್ಷ ತುಂಬಿದವರಿಗೆ ಮಾಂಸವರ್ಜನೆ, ಪ್ರಾಪ್ತವಯಸ್ಕರಿಗೆ 60ನೆಯ ವರ್ಷದ ಆರಂಭದವರೆಗೆ ಉಪವಾಸ. ಶುಕ್ರವಾರಗಳ ಮಾಂಸವರ್ಜನೆಗೆ ಧರ್ಮಾಧ್ಯಕ್ಷರ ಮಂಡಲಿ ಬೇರೆ ಕಾರ್ಯಗಳನ್ನು ಬದಲಿಯಾಗಿ ಗೊತ್ತುಪಡಿಸಬಹುದು. ನಲವತ್ತು ದಿನವೂ ಮಾಂಸ ಬಿಡುವುದು ನಮ್ಮ ಜನರ ಭಕ್ತಿಯ ರೂಢಿ. ಅದನ್ನು ಗೌರವಿಸೋಣ.

ಕರ್ನಾಟಕದಲ್ಲಿ ಮಾತ್ರ ಈ ರೂಢಿಗೆ ಯುರೋಪಿನಲ್ಲಿಲ್ಲದ ಒಂದು ತೂಕವಿದೆ. ಹೋಟೆಲಿನ ಫಲಕ 'ಶುದ್ಧ ಸಸ್ಯಾಹಾರಿ' ಎನ್ನುತ್ತದೆ. ಬಡಾವಣೆಗಳಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಊಟದ ಪ್ರಶ್ನೆ ಮೊದಲು ಬರುತ್ತದೆ, ಬಾಡಿಗೆಯ ಮಾತು ಆಮೇಲೆ. ಮಾಂಸ ತಿನ್ನದಿರುವುದು ಶುದ್ಧಿ, ಮಡಿ, ಮೇಲು, ತಿನ್ನುವುದು ಕೀಳು, ಅದರಲ್ಲೂ ಯಾವ ಮಾಂಸ ಎಂಬುದಕ್ಕೆ ತಕ್ಕಂತೆ ಇನ್ನಷ್ಟು ಕೀಳು. ನಮ್ಮ ಎಷ್ಟೋ ಕ್ರೈಸ್ತ ಕುಟುಂಬಗಳ ಹಿರಿಯರು ತಮ್ಮ ತಟ್ಟೆಯ ಕಾರಣಕ್ಕೆ ಊರಾಚೆ ನಿಂತವರು. ಇಂತಹ ಸಮಾಜದಲ್ಲಿ ಗುರು ಪೀಠದಿಂದ "ಪವಿತ್ರ ಕಾಲದಲ್ಲಿ ಮಾಂಸ ಮುಟ್ಟಬೇಡಿ" ಎಂದಷ್ಟೇ ಹೇಳಿದರೆ ಕೇಳುಗನ ಕಿವಿಗೆ ಬೀಳುವುದು ಬೇರೆಯೇ: ಮಾಂಸ ಅಪವಿತ್ರ, ಅದನ್ನು ತಿನ್ನುವ ನಾನೂ ಅಪವಿತ್ರ, ನಲವತ್ತು ದಿನಗಳಾದರೂ ಮೇಲಿನವರಂತೆ ಇರಬೇಕು. ಧರ್ಮೋಪದೇಶದ ತರಗತಿಯಲ್ಲಿ "ಮಾಂಸ ತಿನ್ನುವುದು ಪಾಪವೇ, ಫಾದರ್?" ಎಂದು ಮಕ್ಕಳು ಕೇಳುವುದುಂಟು. ಈ ಪ್ರಶ್ನೆಯನ್ನು ನಕ್ಕು ತೇಲಿಸಿಬಿಡಬಾರದು.

ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಹೊರಗಿನಿಂದ ಒಳಗೆ ಹೋಗುವುದಾವುದೂ ಮನುಷ್ಯನನ್ನು ಹೊಲೆಮಾಡದೆಂದು ಯೇಸು ಬೋಧಿಸುತ್ತಾರೆ. ಹೀಗೆ ಎಲ್ಲ ಆಹಾರವೂ ಶುದ್ಧವೆಂದು ಸಾರಿದರೆಂದು ಶುಭಸಂದೇಶಕಾರನೇ ಸೇರಿಸುತ್ತಾನೆ. ಆದುದರಿಂದ ಕ್ರೈಸ್ತನು ಮಾಂಸವನ್ನು ಬಿಡುವುದು ಅದು ಕೆಟ್ಟದ್ದೆಂದಲ್ಲ. ಅದು ಒಳ್ಳೆಯದು, ಹಬ್ಬದ ಊಟ, ಮದುವೆಯ ಊಟ. ಒಳ್ಳೆಯದನ್ನು ಪ್ರೀತಿಯ ಕಾರಣಕ್ಕೆ ಕೆಲವು ದಿನ ಬದಿಗಿಟ್ಟು, ಪಾಸ್ಖದ ದಿನ ಸಂತೋಷದಿಂದ ಮತ್ತೆ ತಟ್ಟೆಗೆ ತೆಗೆದುಕೊಳ್ಳುತ್ತೇವೆ. ಮಡಿಯ ವ್ರತದಲ್ಲಿ ಬಿಟ್ಟದ್ದು ಮೈಲಿಗೆಯಾಗಿ ಹೊರಗೆ ನಿಲ್ಲುತ್ತದೆ, ತಪಸ್ಸು ಕಾಲದಲ್ಲಿ ಬಿಟ್ಟದ್ದು ಹಬ್ಬಕ್ಕಾಗಿ ಕಾಯುತ್ತದೆ. ಈ ಅಂತರವನ್ನು ಪ್ರತಿವರ್ಷವೂ ಬೂದಿ ಬುಧವಾರದ ಮುಂಚಿನ ಭಾನುವಾರವೇ ಬಾಯಿಬಿಟ್ಟು ಹೇಳಬೇಕು. ಹೇಳದೆ ಬಿಟ್ಟರೆ ಜಾತಿಯ ವ್ಯಾಕರಣ ನಮ್ಮ ಉಪವಾಸದೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಅತ್ತ, ಶುಕ್ರವಾರ ಕೋಳಿಯನ್ನು ಬಿಟ್ಟು ಅದರ ಎರಡರಷ್ಟು ಬೆಲೆಯ ಅಂಜಲ್ ಮೀನನ್ನು ಹುರಿದು ಉಂಡು ನಿಯಮ ಪಾಲಿಸಿದೆವೆನ್ನುವವರಿಗೂ ಏನಾದರೂ ಹೇಳಬೇಕಲ್ಲವೇ? ನಿಯಮದ ಅಕ್ಷರ ಅವರ ಪರವಾಗಿಯೇ ಇದೆ. ಕಾನೂನು ಕೂಡ ಕೆಲವೊಮ್ಮೆ ನಗುವನ್ನು ತಡೆದುಕೊಳ್ಳಬೇಕಾಗುತ್ತದೆ.

ಉಳಿದ ರೊಟ್ಟಿ ಯಾರದು?

ಉಪವಾಸದಿಂದ ಉಳಿದದ್ದು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಎರಡನೆಯ ಶತಮಾನದ 'ಹೆರ್ಮಾಸನ ಕುರಿಗಾಹಿ' ಎಂಬ ಕೃತಿ ಲೆಕ್ಕಪತ್ರದಷ್ಟೇ ಸ್ಪಷ್ಟವಾದ ಉತ್ತರ ನೀಡುತ್ತದೆ. ಆ ದಿನ ಉಣ್ಣಬೇಕಾಗಿದ್ದ ಊಟದ ವೆಚ್ಚವನ್ನು ಲೆಕ್ಕಹಾಕಿ, ಅಷ್ಟನ್ನು ವಿಧವೆಗೋ ಅನಾಥನಿಗೋ ಬಡವನಿಗೋ ಕೊಡಬೇಕು. ಮಹಾ ಲಿಯೋ ಅವರ ತಪಸ್ಸು ಕಾಲದ ಪ್ರಬೋಧನೆಗಳಲ್ಲಿಯೂ ಮತ್ತೆ ಮತ್ತೆ ಬರುವ ವಿಚಾರವಿದು. ಹಾಗಾದರೆ ದಾನವು ಉಪವಾಸದ ಪಕ್ಕದಲ್ಲಿ ನಿಲ್ಲುವ ಇನ್ನೊಂದು ಸತ್ಕಾರ್ಯವಲ್ಲ, ಉಪವಾಸದ ಉಳಿದರ್ಧ. ಉಳಿತಾಯ ನಮ್ಮ ಜೇಬಿನಲ್ಲೇ ಉಳಿದರೆ ಅದನ್ನು ಮಿತವ್ಯಯ ಎನ್ನಬೇಕು. ಕಾರಿತಾಸ್ ಇಂಡಿಯಾ ಪ್ರತಿವರ್ಷ ತಪಸ್ಸು ಕಾಲದಲ್ಲಿ ನಡೆಸುವ ಅಭಿಯಾನವನ್ನು ಧರ್ಮಕೇಂದ್ರಗಳು ಕಾಣಿಕೆಯ ಇನ್ನೊಂದು ಲಕೋಟೆಯೆಂದು ಹಂಚದೆ, ಹೆರ್ಮಾಸನ ಲೆಕ್ಕದಂತೆ ಮನೆಮನೆಯ ಊಟದ ಮೇಜಿಗೆ ಒಯ್ದರೆ ಅದರ ಅರ್ಥವೇ ಬೇರೆಯಾಗುತ್ತದೆ.

ಆದರೆ ಮೇಜೇ ಬರಿದಾಗಿರುವ ಮನೆಗಳಿಗೆ ನಾವು ಏನನ್ನು ಬೋಧಿಸಬೇಕು? ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗಿನಿಂದ ಕೆಲಸ ಅರಸಿ ಬೇರೆ ಬೇರೆ ಭಾಷೆಯ ಕುಟುಂಬಗಳು ಅಲ್ಲಿಗೆ ಬಂದು ನೆಲೆಸಿದವು. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತವು, ಉಕ್ಕಿನ ಕಾರ್ಖಾನೆಯ ಭವಿಷ್ಯವೂ ವರ್ಷಗಟ್ಟಲೆ ತೂಗುಯ್ಯಾಲೆಯಲ್ಲಿದೆ. ಗುತ್ತಿಗೆ ಕೂಲಿಯನ್ನು ನಂಬಿ ಬದುಕುವವನಿಗೆ ಒಂದು ಹೊತ್ತಿನ ಊಟ ಬಿಡುವಂತೆ ಹೇಳಲು ಗುರುವಿನ ನಾಲಿಗೆ ತಡವರಿಸಬೇಕು. ವಿಶ್ವಗುರು ಆರನೆಯ ಪೌಲರು ಇದನ್ನು ಮನಗಂಡಿದ್ದರು. 1966ರ ಫೆಬ್ರವರಿ 17ರಂದು ಹೊರಡಿಸಿದ 'ಪೆನಿತೆಮಿನಿ' ಎಂಬ ಪ್ರೇಷಿತ ಸಂವಿಧಾನದಲ್ಲಿ ಅವರು, ಸಂಪತ್ತು ಹೆಚ್ಚಿರುವೆಡೆ ಸ್ವಯಂ ನಿರಾಕರಣೆಯ ಸಾಕ್ಷ್ಯ ಬೇಕೆಂದೂ, ಬದುಕು ಕಷ್ಟದಲ್ಲಿರುವೆಡೆ ಆ ಕಷ್ಟವನ್ನೇ ಪ್ರಾರ್ಥನೆಯಲ್ಲಿ ಅರ್ಪಿಸುತ್ತ ಸಾಮಾಜಿಕ ನ್ಯಾಯಕ್ಕಾಗಿಯೂ ದುಡಿಯಬೇಕೆಂದೂ ತಿಳಿಸಿದರು. ಇಲ್ಲಿ ಎರಡನೆಯ ಭಾಗವನ್ನು ಬಿಟ್ಟು ಮೊದಲರ್ಧವನ್ನು ಮಾತ್ರ ಬಡವರಿಗೆ ಹೇಳುವುದು ಅನ್ಯಾಯ. ಯೆಶಾಯ ಪ್ರವಾದಿಯ 58ನೆಯ ಅಧ್ಯಾಯದಲ್ಲಿ ದೇವರು ತಿರಸ್ಕರಿಸುವುದು ಕೂಲಿಯವರನ್ನು ಹಿಂಡುತ್ತಲೇ ಉಪವಾಸ ಮಾಡುವವರ ಉಪವಾಸವನ್ನು. ಮನೆಗೆಲಸದಾಕೆಗೆ, ತೋಟದ ಆಳಿಗೆ, ಅಷ್ಟೇಕೆ, ನಮ್ಮ ಸಂಸ್ಥೆಗಳಲ್ಲಿ ದುಡಿಯುವವರಿಗೆ ತಕ್ಕ ಕೂಲಿ ಸಕಾಲಕ್ಕೆ ಸಲ್ಲುತ್ತಿದೆಯೇ ಎಂಬುದು ತಪಸ್ಸು ಕಾಲದ ಆತ್ಮಶೋಧನೆಯಲ್ಲಿ ಕೇಳಬೇಕಾದ ಪ್ರಶ್ನೆ. ಗುರುಮಠದ ಅಡುಗೆಮನೆಯಿಂದಲೇ ಅದು ಆರಂಭವಾಗಬಹುದು.

ಕೊರಿಂಥದ ಸಭೆಯಲ್ಲಿ ಒಬ್ಬ ಹಸಿದಿರುವಾಗ ಇನ್ನೊಬ್ಬ ಉಂಡು ಕುಡಿದು ಮತ್ತನಾಗಿದ್ದನ್ನು ಕಂಡು ಸಂತ ಪೌಲರು, ನೀವು ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲವೆಂದರು. ಉಪವಾಸಕ್ಕೂ ಈ ಅಳತೆಗೋಲು ಸಲ್ಲುತ್ತದೆ. ರಂಜಾನ್ ತಿಂಗಳಲ್ಲಿ ನಮ್ಮ ಮುಸ್ಲಿಂ ನೆರೆಯವರು ಸಂಜೆಯ ಉಪವಾಸವನ್ನು ಒಟ್ಟಾಗಿ ಕುಳಿತು ಬಿಡುವುದನ್ನೂ, ಬಡವರಿಗಾಗಿ ಲೆಕ್ಕಹಾಕಿ ಜಕಾತ್ ತೆಗೆದಿಡುವುದನ್ನೂ ನೋಡಿದಾಗ, ಒಬ್ಬೊಬ್ಬರೇ ಒಂದೊಂದನ್ನು ಬಿಡುವ ನಮ್ಮ ಆಚರಣೆ ಎಷ್ಟು ಒಂಟಿಯಾಗಿದೆಯೆಂದು ತಿಳಿಯುತ್ತದೆ. ವಾರಕ್ಕೊಮ್ಮೆ ಧರ್ಮಕೇಂದ್ರದ ಸಭಾಂಗಣದಲ್ಲಿ ಗಂಜಿ ಮತ್ತು ಚಟ್ನಿಯ ಊಟಕ್ಕೆ ಎಲ್ಲರೂ, ಕಾರು ಇರುವವರೂ ಇಲ್ಲದವರೂ, ಕೂಡಿ ಕುಳಿತರೆ ಮಹಾಸಭೆ ಹೇಳಿದ ಸಾಮಾಜಿಕ ಪ್ರಾಯಶ್ಚಿತ್ತಕ್ಕೆ ಒಂದು ರೂಪ ಸಿಗುತ್ತದೆ.

ಕೊನೆಯದಾಗಿ ನೀರಿನ ವಿಷಯ. ತಪಸ್ಸು ಕಾಲದ ಮೂರು, ನಾಲ್ಕು ಮತ್ತು ಐದನೆಯ ಭಾನುವಾರಗಳಿಗೆ 'ಎ' ವರ್ಷದಲ್ಲಿ ನಿಗದಿಯಾದ ಶುಭಸಂದೇಶಗಳು ಸಮಾರಿಯದ ಮಹಿಳೆ, ಹುಟ್ಟುಕುರುಡ ಮತ್ತು ಲಾಜರನ ಕುರಿತಾದವು: ಬಾವಿಯ ನೀರು, ಕಣ್ಣಿನ ಬೆಳಕು, ಸಮಾಧಿಯಿಂದ ಬಿಡುಗಡೆ. ದೀಕ್ಷಾರ್ಥಿಗಳ ಪರೀಕ್ಷಾವಿಧಿಗಳು ಈ ಭಾನುವಾರಗಳಿಗೇ ಸೇರಿದವು. ದೀಕ್ಷಾರ್ಥಿಗಳಿಲ್ಲದ ಧರ್ಮಕೇಂದ್ರದಲ್ಲಿಯೂ, 'ಬಿ' ಮತ್ತು 'ಸಿ' ವರ್ಷಗಳಲ್ಲಿಯೂ ಇವನ್ನೇ ವಾಚಿಸಲು ವಾಚನಗ್ರಂಥ ಅನುಮತಿ ನೀಡುತ್ತದೆ. ಈ ಅನುಮತಿಯನ್ನು ಹೆಚ್ಚು ಗುರುಗಳು ಬಳಸಿಕೊಳ್ಳಬೇಕೆಂದು ನಾವು ಬಯಸುತ್ತೇವೆ. ಮೂರನೆಯ ಭಾನುವಾರದಿಂದ ದೀಕ್ಷಾಸ್ನಾನದ ತೊಟ್ಟಿಯನ್ನು ಮೂಲೆಯಿಂದ ಹೊರತಂದು ಎಲ್ಲರಿಗೂ ಕಾಣುವಲ್ಲಿ ಇರಿಸಿ, ಬರಿದಾಗಿಯೇ ಬಿಡಬಹುದು. ಆ ವಾರಗಳಲ್ಲಿ ಮನೆಮನೆಗಳಲ್ಲಿ ತಮ್ಮ ತಮ್ಮ ದೀಕ್ಷಾಸ್ನಾನದ ದಿನಾಂಕವನ್ನು ಹುಡುಕಿ ತರುವಂತೆ ಯುವಜನರಿಗೆ ಹೇಳಬಹುದು. ಹುಟ್ಟುಹಬ್ಬದ ದಿನ ಬಲ್ಲವರು ಅದನ್ನು ಬಲ್ಲವರಿಗಿಂತ ಎಷ್ಟೋ ಪಾಲು ಹೆಚ್ಚು. ಪಾಸ್ಖ ಜಾಗರಣೆಯ ರಾತ್ರಿ ಅಭಿಷೇಕಿಸಿದ ನೀರನ್ನು ಚಿಮುಕಿಸುವಾಗ ಜಿಪುಣತನ ಬೇಡ. ಬೂದಿ ಬುಧವಾರದಂದು ಬೂದಿ ಹಚ್ಚಿಸಿಕೊಂಡ ಹಣೆಗಳಿಗೇ ಅದು ತಾಗಬೇಕು, ತಾಗಿದ್ದು ತಿಳಿಯುವಷ್ಟು ತಾಗಬೇಕು.